ಜೋಡಿ ಹಚ್ಚಿ ಓದುವುದು: ನನ್ನ ಅನುಭವ

ಯಾವ ಬಗೆಯ ಪುಸ್ತಕ ಓದುತ್ತೀರಿ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ನನಗೆ ಕಷ್ಟವಾಗುತ್ತದೆ. ಕಾದಂಬರಿ, ನಾಟಕ, ಆತ್ಮಕಥೆ, ಪತ್ತೇದಾರಿ, ಇತಿಹಾಸ, ಕವಿತೆ, ನಡುಗನ್ನಡ ಕಾವ್ಯ, ಹೀಗೆ ಸಿಕ್ಕಿದ್ದನ್ನೆಲ್ಲ ಓದುವವಳು ನಾನು. ಆದರೆ ಸಿಕ್ಕ ಕ್ರಮದಲ್ಲಿಯೇ ಓದುವುದಿಲ್ಲ. ಒಂದು ಪುಸ್ತಕವನ್ನು ಹಿಡಿದಾಗ ಅದಕ್ಕೆ ಹೆಚ್ಚಾಗಿ ಬೇರೆ ಜಾತಿಯ ಇನ್ನೊಂದನ್ನು ಜೋಡಿ ಹಚ್ಚಿಕೊಂಡು, ಎರಡನ್ನೂ ಒಟ್ಟೊಟ್ಟಿಗೆ ಓದಿ ಮುಗಿಸುವುದು ಬಹಳ ವರ್ಷಗಳಿಂದ ನಾನು ಇಟ್ಟುಕೊಂಡು ಬಂದಿರುವ ರೂಢಿ. ಕಾದಂಬರಿಯ ಪಕ್ಕದಲ್ಲಿ ಕಾದಂಬರಿ ಇಟ್ಟರೆ ಯಾವುದು ದೊಡ್ಡದು ಎಂಬ ಪಂದ್ಯ ಶುರುವಾಗಿಬಿಡುತ್ತದೆ. ಕಾದಂಬರಿಯ ಪಕ್ಕದಲ್ಲಿ ಆತ್ಮಕಥೆಯನ್ನೋ ನಾಟಕದ ಪಕ್ಕದಲ್ಲಿ ಪತ್ತೇದಾರಿಯನ್ನೋ ಇಟ್ಟರೆ ಎರಡೂ ತಾವು ಹೇಗೆ ಕಟ್ಟಲ್ಪಟ್ಟಿವೆ ಎಂಬುದನ್ನು ಬಿಟ್ಟುಕೊಡುತ್ತವೆ. ನನ್ನ ಅಭಿಪ್ರಾಯಗಳೆಲ್ಲ ಹೀಗೆ ಹುಟ್ಟಿದವು. ವಿಮರ್ಶಕರ ಮುಂದೆ ಇಡುವಷ್ಟು ಬಿಗಿ ಅವಕ್ಕಿಲ್ಲ, ಆದರೆ ಓದದೆ ಆಡಿದ ಮಾತು ಅವುಗಳಲ್ಲಿ ಒಂದೂ ಇಲ್ಲ.

ಮನೆ ಧಾರವಾಡದಲ್ಲಿ, ಲೆಕ್ಕಪತ್ರದ ಕೆಲಸ ಹುಬ್ಬಳ್ಳಿಯಲ್ಲಿ. ಹೀಗಾಗಿ ದಿನಾಲೂ ಖಾತ್ರಿಯಾಗಿ ಸಿಗುವ ಓದಿನ ವೇಳೆಯೆಂದರೆ ಚಿಗರಿ ಬಸ್ಸಿನ ಪ್ರಯಾಣ. ಅವಳಿ ನಗರಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೂ ಈ ಬಸ್ಸಿಗೆ ಹೆಚ್ಚಿನ ಕಡೆ ಪ್ರತ್ಯೇಕ ಪಥವಿರುವುದರಿಂದ ಅಲುಗಾಟ ಕಡಿಮೆ, ಕೂಡಲು ಸೀಟು ಸಿಕ್ಕರೆ ಹಾಳೆ ಮಗುಚಲು ತೊಂದರೆಯಿಲ್ಲ. ಹೊಸೂರಿನಲ್ಲಿ ಹತ್ತಿ ಪುಸ್ತಕ ತೆರೆದರೆ ಒಂದು ಮಧ್ಯಮ ಗಾತ್ರದ ಸಣ್ಣಕತೆ ನವನಗರದ ಹೊತ್ತಿಗೆ ನಡುವಿಗೆ ಬಂದಿರುತ್ತದೆ, ಜ್ಯುಬಿಲಿ ಸರ್ಕಲ್ಲಿಗೆ ಮುಗಿದಿರುತ್ತದೆ. ಜೋಡಿಯಲ್ಲಿ ಹಗುರವಾದದ್ದು ಬ್ಯಾಗಿನಲ್ಲಿ, ಭಾರವಾದದ್ದು ಮನೆಯಲ್ಲಿ. ಇಲ್ಲಿ ಹಗುರ, ಭಾರ ಎಂದರೆ ತೂಕದ ಮಾತು ಮಾತ್ರ, ಯೋಗ್ಯತೆಯದ್ದಲ್ಲ.

ಜೋಡಿ ಹಚ್ಚುವುದಕ್ಕೆ ಎರಡೂ ಪುಸ್ತಕಗಳಲ್ಲಿ ಒಂದಾದರೂ ಸಮಾನ ಎಳೆ ಇರಬೇಕು: ಒಂದೇ ಕಸುಬು, ಒಂದೇ ಊರು, ಒಂದೇ ವಾದ, ಇಲ್ಲವೇ ಒಂದೇ ಬಗೆಯ ಮೋಸ. ಇದರ ಜೊತೆಗೆ ಇನ್ನೊಂದು ನೇಮವಿದೆ, ಮುನ್ನುಡಿಯನ್ನು ಕೊನೆಗೆ ಓದುವುದು. ನಮ್ಮ ಕನ್ನಡದಲ್ಲಿ ಪ್ರಕಾಶಕರ ಮಾತು, ಲೇಖಕರ ಅರಿಕೆ, ಹಿರಿಯರ ಮುನ್ನುಡಿ, ಗೆಳೆಯರ ಬೆನ್ನುಡಿ ಎಲ್ಲವನ್ನೂ ದಾಟಿ ಕೃತಿಯ ಹೊಸ್ತಿಲಿಗೆ ಬರುವಷ್ಟರಲ್ಲಿ ಅದರ ಬಗ್ಗೆ ಏನು ಅನ್ನಿಸಬೇಕು ಎಂಬುದು ನಿರ್ಧಾರವಾಗಿ ಹೋಗಿರುತ್ತದೆ. ಕೃತಿ ಮುಗಿಸಿ ಮುನ್ನುಡಿಗೆ ಬಂದರೆ ಅದು ಸಹಓದುಗರೊಬ್ಬರ ಮಾತಾಗಿ ಕೇಳಿಸುತ್ತದೆ, ಜಗಳ ತೆಗೆಯುವುದಕ್ಕೂ ಅನುಕೂಲ.

ನನಗೆ ಅತಿ ಹೆಚ್ಚು ಕೊಟ್ಟ ಜೋಡಿಯೆಂದರೆ ಎಸ್.ಎಲ್. ಭೈರಪ್ಪನವರ ‘ಮಂದ್ರ’ ಮತ್ತು ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’. ಒಂದು ದಿಂಬಿನಷ್ಟು ದಪ್ಪದ ಕಾದಂಬರಿ; ಇನ್ನೊಂದು ಬ್ಯಾಗಿನ ಪಕ್ಕದ ಕಿಸೆಯಲ್ಲಿ ಕೂಡುವ ತೆಳ್ಳನೆಯ ಆತ್ಮಕಥೆ. ಎರಡರ ವಿಷಯವೂ ಹಿಂದುಸ್ತಾನಿ ಸಂಗೀತ, ಎರಡರಲ್ಲೂ ಗುರುವಿನ ಹುಡುಕಾಟ, ರಿಯಾಜು, ಕಛೇರಿ, ಊರೂರು ಅಲೆತ. ‘ಮಂದ್ರ’ದ ಮೋಹನಲಾಲ ದೊಡ್ಡ ಗಾಯಕ, ಆದರೆ ಮನುಷ್ಯನಾಗಿ ಸಣ್ಣವನು, ಕಲೆಯ ಎತ್ತರಕ್ಕೂ ಬದುಕಿನ ಶೀಲಕ್ಕೂ ಸಂಬಂಧವಿರಲೇಬೇಕೇ ಎಂಬ ಪ್ರಶ್ನೆಯನ್ನು ಭೈರಪ್ಪನವರು ನೂರಾರು ಪುಟಗಳ ಉದ್ದಕ್ಕೂ ಬಿಡದೆ ಜಗ್ಗುತ್ತಾರೆ. ರಿಯಾಜಿನ ಭಾಗಗಳನ್ನು ಓದುವಾಗ ಅವರ ಸಿದ್ಧತೆಗೆ ಕೈಮುಗಿಯಬೇಕು ಅನ್ನಿಸುತ್ತದೆ. ಸ್ವರ ಹಚ್ಚುವ ಶ್ರಮ, ಗಂಟಲು ಮಾತು ಕೇಳದ ದಿನಗಳ ಕಂಗಾಲುತನ, ಗುರುವಿನ ಮೇಲಿನ ಭಕ್ತಿಯೊಳಗೆ ಬೆಳೆಯುವ ಸಿಟ್ಟು, ಇವನ್ನೆಲ್ಲ ಅವರು ಒಳಗಿನಿಂದ ಬಲ್ಲವರಂತೆ ಬರೆದಿದ್ದಾರೆ. ಆದರೆ ಅದೇ ಕಾದಂಬರಿಯ ಹೆಣ್ಣುಮಕ್ಕಳು ಮೋಹನಲಾಲನ ದೋಷಗಳನ್ನು ತೋರಿಸುವುದಕ್ಕಾಗಿಯೇ ಸರದಿಯ ಮೇಲೆ ಬಂದು ಹೋಗುತ್ತಾರೆ ಎಂಬ ನನ್ನ ಆಕ್ಷೇಪ ಎರಡನೆಯ ಓದಿನಲ್ಲೂ ಕರಗಲಿಲ್ಲ. ಮಧುಮಿತೆಯೊಬ್ಬಳು ಆ ಸಾಲಿನಿಂದ ಸ್ವಲ್ಪ ಹೊರಗೆ ನಿಲ್ಲುತ್ತಾಳೆ.

ಮನ್ಸೂರರು ಇದಕ್ಕೆ ಪೂರಾ ಉಲ್ಟಾ. ಧಾರವಾಡದ ಮಗ್ಗುಲಿನ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಹಾಡಿ, ಮೀರಜಿನ ನೀಲಕಂಠ ಬುವಾ ಅವರಲ್ಲಿ ಕಲಿತು, ಆಮೇಲೆ ಜೈಪುರ–ಅತ್ರೌಲಿ ಘರಾಣೆಯ ಮಂಜಿ ಖಾನರಿಗೆ ಶಿಷ್ಯರಾದ ಆ ಮನುಷ್ಯ ತನ್ನ ಸಾಧನೆಯ ಬಗ್ಗೆ ಉದ್ದುದ್ದ ಬರೆಯುವುದೇ ಇಲ್ಲ. ಮಂಜಿ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರ ಹತ್ತಿರ ತಾಲೀಮು ಮುಂದುವರಿಯಿತು ಎಂಬಂಥ ಬದುಕಿನ ತಿರುವನ್ನು ಕಾದಂಬರಿಕಾರರಾದರೆ ಒಂದು ಅಧ್ಯಾಯಕ್ಕೆ ಹಿಗ್ಗಿಸಿಯಾರು. ಮನ್ಸೂರರ ಗದ್ಯಕ್ಕೆ ಆ ಆಸೆಯಿಲ್ಲ. ಗುರುಗಳ ಹೆಸರು ಬಂದಲ್ಲೆಲ್ಲ ವಾಕ್ಯ ಬಾಗುತ್ತದೆ, ತನ್ನ ಹೆಸರು ಬರಬೇಕಾದಲ್ಲಿ ಗಿಡ್ಡವಾಗುತ್ತದೆ. ‘ಮಂದ್ರ’ವನ್ನು ಮನೆಯಲ್ಲಿಯೂ ‘ರಸಯಾತ್ರೆ’ಯನ್ನು ಬಸ್ಸಿನಲ್ಲಿಯೂ ಓದುತ್ತ ಹೋದಾಗ ನನಗೆ ಸ್ಪಷ್ಟವಾದದ್ದು ಇಷ್ಟು: ಸಂಗೀತದ ಬಗ್ಗೆ ಭೈರಪ್ಪನವರಿಗೆ ಹೇಳುವುದು ಬಹಳವಿದೆ, ಮನ್ಸೂರರಿಗೆ ಹೇಳುವುದು ಬಹಳ ಕಡಿಮೆ, ಆದರೆ ಪುಸ್ತಕ ಕೆಳಗಿಟ್ಟ ಮೇಲೆ ಹಾಡು ಕೇಳಬೇಕು ಎಂಬ ಹಸಿವು ಹುಟ್ಟಿಸಿದ್ದು ಎರಡನೆಯದು. ಮೊದಲನೆಯದನ್ನು ಮುಗಿಸಿದಾಗ ಯಾರ ಜೊತೆಗಾದರೂ ವಾದಕ್ಕೆ ಕೂಡಬೇಕು ಅನ್ನಿಸಿತ್ತು. ಕಾದಂಬರಿ ಮಾಡಬೇಕಾದ ಕೆಲಸ ಅದೇ ಎನ್ನುವವರಿದ್ದಾರೆ, ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ.

ಈ ಜೋಡಿಗೆ ಆಮೇಲೆ ಮೂರನೆಯದೊಂದು ಸೇರಿಕೊಂಡಿತು, ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’. ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ ಹೆಣ್ಣುಮಗಳ ಬದುಕು ಅದು. ಜಾತಿಯ ಚುಚ್ಚುಮಾತುಗಳನ್ನು ಎಳವೆಯಲ್ಲಿಯೇ ಕೇಳಿಸಿಕೊಂಡವರು ಅವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದಾಗ ಇನ್ನೂ ಚಿಕ್ಕ ಹುಡುಗಿ. ‘ಮಂದ್ರ’ದ ಹೆಣ್ಣುಮಕ್ಕಳಲ್ಲಿ ನನಗೆ ಕೊರತೆಯಾಗಿ ಕಂಡದ್ದು ಏನು ಎಂಬುದನ್ನು ಈ ಪುಸ್ತಕ ಹೆಸರಿಟ್ಟು ತೋರಿಸಿತು. ಹಾಡುವ ಹೆಣ್ಣಿಗೆ ಮನೆಯ ಖರ್ಚು, ಮಕ್ಕಳು, ರೈಲಿನ ವೇಳೆ, ಊರವರ ಬಾಯಿ, ಇವೆಲ್ಲ ಸಂಗೀತದಷ್ಟೇ ದೊಡ್ಡ ವಿಷಯಗಳು. ಕಾದಂಬರಿಯಲ್ಲಿ ಅವು ಹಿನ್ನೆಲೆಗೆ ಸರಿದಿದ್ದವು.

ಪತ್ತೇದಾರಿ ಪುಸ್ತಕಗಳನ್ನು ನಾನು ಬಾಡಿಗೆ ವಾಚನಾಲಯದಿಂದ ತಂದು ಓದಿ ಬೆಳೆದವಳು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮ್ಮ ಮನೆಯಲ್ಲಿ ಒಬ್ಬ ಸೋದರಮಾವನಷ್ಟು ಪರಿಚಿತನಾಗಿದ್ದ. ಒರಟು ಕಾಗದ, ಪಿನ್ನಿನ ಬೈಂಡು, ಅಂಚೆಲ್ಲ ಎಣ್ಣೆ ಕುಡಿದಂತೆ ಕಂದಿದ ಆ ಪ್ರತಿಗಳಲ್ಲಿ ಹಿಂದಿನ ಓದುಗರು ತಮ್ಮ ಗುರುತು ಬಿಟ್ಟು ಹೋಗಿರುತ್ತಿದ್ದರು. ಒಬ್ಬ ಪುಣ್ಯಾತ್ಮ ಮೊದಲ ಪುಟದಲ್ಲಿಯೇ ಕೊಲೆಗಾರನ ಹೆಸರನ್ನು ನೀಲಿ ಪೆನ್ನಿನಿಂದ ಬರೆದಿಡುತ್ತಿದ್ದ. ಇನ್ನೊಬ್ಬ ಅದನ್ನು ಹೊಡೆದು ಬೇರೆ ಹೆಸರು ಬರೆದಿರುತ್ತಿದ್ದ. ಯಾರನ್ನು ನಂಬಬೇಕು ಎಂಬುದು ಕತೆಯೊಳಗಿನ ಪತ್ತೇದಾರಿಕೆಗಿಂತ ದೊಡ್ಡ ಸಮಸ್ಯೆಯಾಗುತ್ತಿತ್ತು. ಇಂಥ ಪುಸ್ತಕಗಳನ್ನು ‘ಟೈಂಪಾಸ್’ ಎಂದು ಬದಿಗೆ ಸರಿಸುವವರನ್ನು ಕಂಡರೆ ನನಗೆ ಈಗಲೂ ಸಮಾಧಾನವಿಲ್ಲ. ಗುಟ್ಟನ್ನು ಎಷ್ಟು ಹೊತ್ತು ಮುಚ್ಚಿಡಬೇಕು, ಯಾವ ಪುಟದಲ್ಲಿ ಯಾವ ಎಳೆ ಬಿಡಬೇಕು ಎಂಬ ಲೆಕ್ಕ ತಪ್ಪಿದರೆ ಗಂಭೀರ ಕಾದಂಬರಿಗೆ ಮಾಫಿ ಸಿಗುತ್ತದೆ, ಪತ್ತೇದಾರಿಗೆ ಸಿಗುವುದಿಲ್ಲ.

ಇದನ್ನು ಸಾಬೀತು ಮಾಡಿಕೊಳ್ಳಲೆಂದೇ ಪುರುಷೋತ್ತಮನ ಪಕ್ಕದಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ಇಟ್ಟುಕೊಂಡು ಓದಿದೆ. 1964ರಲ್ಲಿ ಇದನ್ನು ಪ್ರಕಟಿಸಿದ್ದು ನಮ್ಮ ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಸಂಸ್ಥೆಯ ‘ಅಟ್ಟ’ವನ್ನು ಏರಿ ಹೋಗಿ ಪುಸ್ತಕ ಕೊಳ್ಳುವುದು ಧಾರವಾಡದ ಓದುಗರಿಗೆ ಒಂದು ಹೆಮ್ಮೆಯ ವಿಷಯ, ಮಂಡಿನೋವಿನವರಿಗೂ ಸಹ. ‘ತುಘಲಕ್’ ಎಂದೊಡನೆ ಎಲ್ಲರೂ ಆದರ್ಶವಾದಿ ಸುಲ್ತಾನ, ನೆಹರೂ ಯುಗ ಎಂದು ಮಾತು ಶುರು ಮಾಡುತ್ತಾರೆ. ಪತ್ತೇದಾರಿಯ ಪಕ್ಕದಲ್ಲಿಟ್ಟು ಓದಿದಾಗ ನನ್ನ ಕಣ್ಣು ಹೋದದ್ದು ಅಜೀಜನ ಮೇಲೆ. ಅಗಸನಾದ ಅವನು ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ, ಸರ್ಕಾರಿ ನೌಕರಿ ಹಿಡಿಯುತ್ತಾನೆ, ದೌಲತಾಬಾದಿನ ದಾರಿಯಲ್ಲಿ ಬಡವರನ್ನು ಸುಲಿಯುತ್ತಾನೆ, ಕೊನೆಗೆ ಖಲೀಫರ ವಂಶದ ಅತಿಥಿಯನ್ನು ಕೊಂದು ಅವನ ಸೋಗಿನಲ್ಲಿ ರಾಜಧಾನಿಗೆ ಬರುತ್ತಾನೆ. ಸುಲ್ತಾನನ ಒಂದೊಂದು ಉದಾತ್ತ ಆಜ್ಞೆಯೂ ಹೊರಬೀಳುವುದೇ ತಡ, ಅದರ ಸಂದಿಯೊಳಗೆ ಅಜೀಜ ನುಸುಳಿರುತ್ತಾನೆ. ಕೊನೆಯ ಭೇಟಿಯಲ್ಲಿ ಸುಲ್ತಾನ ಅವನನ್ನು ಗಲ್ಲಿಗೇರಿಸುವ ಬದಲು ಪದವಿ ಕೊಟ್ಟು ಕಳಿಸುತ್ತಾನೆ. ನರಸಿಂಹಯ್ಯನವರ ಲೋಕದಲ್ಲಿ ಇದು ಎಂದೂ ನಡೆಯಲಾರದು, ಅಲ್ಲಿ ಕಳ್ಳ ಸಿಕ್ಕ ಮೇಲೆ ಲೆಕ್ಕ ಚುಕ್ತಾ ಆಗಲೇಬೇಕು. ಕಾರ್ನಾಡರು ಅಪರಾಧದ ಕತೆಯನ್ನು ಪೂರ್ತಿ ಕಟ್ಟಿ, ಅದರ ಕೊನೆಯ ಮೊಳೆಯನ್ನು ಮಾತ್ರ ಹೊಡೆಯದೆ ಬಿಟ್ಟರು. ನಾಟಕ ನಡುಕ ಹುಟ್ಟಿಸುವುದು ಅಲ್ಲಿ ಎಂಬುದು ನನ್ನ ಗ್ರಹಿಕೆ.

ನಾಟಕವನ್ನು ಮನಸ್ಸಿನಲ್ಲಿ ಓದಿಕೊಳ್ಳುವುದರಿಂದ ಪ್ರಯೋಜನ ಕಡಿಮೆ. ರವಿವಾರ ಮಧ್ಯಾಹ್ನ ಮನೆಯವರಿಗೆ ಪಾತ್ರ ಹಂಚಿ ಗಟ್ಟಿಯಾಗಿ ಓದಿಸುತ್ತೇನೆ. ಅಜೀಜನ ಪಾತ್ರಕ್ಕೆ ಮೊದಲು ಬೇಡಿಕೆ ಬರುತ್ತದೆ, ಸುಲ್ತಾನನ ಉದ್ದ ಮಾತುಗಳು ಯಾರಿಗೂ ಬೇಡ.

ಇತಿಹಾಸದಲ್ಲಿ ನಾನು ಬಿಡದೆ ಶಿಫಾರಸು ಮಾಡುವ ಜೋಡಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಮತ್ತು ಶಂ.ಬಾ. ಜೋಶಿಯವರ ‘ಕಂಣಮರೆಯಾದ ಕನ್ನಡ’. ಮೊದಲನೆಯದು 1917ರದು, ಎರಡನೆಯದು 1933ರದು. ಇಬ್ಬರೂ ಧಾರವಾಡದ ನೀರು ಕುಡಿದವರು. ಆಲೂರರ ಪುಸ್ತಕದಲ್ಲಿ ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರದ ಅರಸರೆಲ್ಲ ಹಂಚಿಹೋದ ಕನ್ನಡಿಗರನ್ನು ಎಬ್ಬಿಸಲು ಬಂದ ಸಾಕ್ಷಿಗಳಂತೆ ಸಾಲುಗಟ್ಟುತ್ತಾರೆ. ಅದನ್ನು ಇಂದಿನ ಇತಿಹಾಸಕಾರರ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ, ಏಕೆಂದರೆ ಅದು ಮನವಿಯ ಭಾಷೆಯಲ್ಲಿ ಬರೆದ ಪುಸ್ತಕ. ಶಂ.ಬಾ. ಅವರಾದರೋ ಊರ ಹೆಸರು, ಜನಾಂಗದ ಹೆಸರುಗಳನ್ನು ಒಂದೊಂದಾಗಿ ಕಟಕಟೆಗೆ ಕರೆದು ಪಾಟೀಸವಾಲು ಹಾಕುತ್ತ, ಮರಾಠಿ ನೆಲದೊಳಗೆ ಹುದುಗಿದ ಕನ್ನಡವನ್ನು ಹೊರಗೆಳೆಯುತ್ತಾರೆ. ಮೋಜಿನ ಸಂಗತಿಯೆಂದರೆ ವಕೀಲಿ ಓದಿದವರು ಆಲೂರರು, ಶಂ.ಬಾ. ಶಾಲಾ ಮಾಸ್ತರರು. ಶಂ.ಬಾ. ಅವರ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪುವುದಿಲ್ಲ. ಕೆಲವು ಕಡೆ ಒಂದು ಸಣ್ಣ ಹೆಸರಿನ ಮೇಲೆ ಬಹುದೊಡ್ಡ ಮಾಳಿಗೆ ಎಬ್ಬಿಸುತ್ತಾರೆ. ಆದರೂ ಇಬ್ಬರಲ್ಲಿ ಮತ್ತೆ ಮತ್ತೆ ತೆರೆಯುವುದು ಅವರ ಪುಸ್ತಕವನ್ನೇ. ಆಲೂರರನ್ನು ಒಮ್ಮೆ ಓದಿದರೆ ಅವರ ಕಾವು ಬಹಳ ದಿನ ಉಳಿಯುತ್ತದೆ, ಮರುಓದು ಬೇಡುವುದಿಲ್ಲ.

ಕಾದಂಬರಿಗೆ ಕಾದಂಬರಿಯ ಜೋಡಿ ಬೇಡವೆಂಬ ನನ್ನ ನಿಯಮವನ್ನು ಮುರಿದದ್ದು ರಾವಬಹಾದ್ದೂರರ ‘ಗ್ರಾಮಾಯಣ’ ಮತ್ತು ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ಗಾಗಿ. ಎರಡೂ 1950ರ ದಶಕದ ಕಾದಂಬರಿಗಳು, ಎರಡೂ ನಮ್ಮ ಮಾತಿನ ಜಾಡಿನವು. ‘ಗ್ರಾಮಾಯಣ’ದ ನಾಯಕ ಪಾದಳ್ಳಿ ಎಂಬ ಊರು, ಜಗಳ, ರೋಗ, ಬರಗಳಿಗೆ ಸಿಕ್ಕು ಆ ಊರು ನಮ್ಮ ಕಣ್ಣೆದುರೇ ಹಾಳಾಗುತ್ತದೆ. ಓದುವಾಗ ನಾನು ಪಾತ್ರಗಳ ಹೆಸರು ಮರೆತು ಹಿಂದಿನ ಪುಟಗಳಿಗೆ ತಿರುಗಿದ್ದುಂಟು, ಊರಿನ ನಕ್ಷೆಯನ್ನು ಮರೆತದ್ದಿಲ್ಲ. ಪುಣೇಕರರದು ಇದಕ್ಕೆ ವ್ಯತಿರಿಕ್ತವಾಗಿ ಒಂದು ಮನೆತನದ ಒಳಗಿನ ವ್ಯವಹಾರ: ತಾಯಿ, ಮಗ, ತಾಯಿಯ ಒಡಹುಟ್ಟಿದವ, ಇವರ ನಡುವಿನ ಪ್ರೀತಿ ಮತ್ತು ಹಗೆ. ನಾವು ಅಡುಗೆಮನೆಯಲ್ಲಿ ಆಡುವ ಮಾತಿನಲ್ಲೇ ಇಷ್ಟು ಸೂಕ್ಷ್ಮವಾದ ಕಾದಂಬರಿ ಬರೆಯಬಹುದು ಎಂಬುದಕ್ಕೆ ನಾನು ಬೇರೆ ಊರಿನ ಗೆಳತಿಯರಿಗೆ ಕೊಡುವ ಪುರಾವೆ ಇದು. ಮೊದಲ ಕೆಲವು ಪುಟ ಅವರಿಗೆ ಕಠಿಣವಾಗುತ್ತದೆ, ಆಮೇಲೆ ಫೋನಿನಲ್ಲಿ ‘ಹೌದಲ್ಲೇನ’ ಎಂದು ಮಾತಾಡತೊಡಗುತ್ತಾರೆ. ತೀರ್ಪು ಕೊಡಲೇಬೇಕೆಂದರೆ ಬರವಣಿಗೆಯ ನಯದಲ್ಲಿ ಪುಣೇಕರರು ಮೇಲು, ಆದರೆ ‘ಗ್ರಾಮಾಯಣ’ದಲ್ಲಿ ಊರಿಗೆ ಊರೇ ಸೋಲುವ ಭಾಗಗಳ ಎದುರು ನಯದ ಮಾತು ಆಡುವುದಕ್ಕೆ ಬಾಯಿ ಬರುವುದಿಲ್ಲ.

ಆತ್ಮಕಥೆಗಳ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರಳು. ಬಾಲ್ಯದ ಭಾಗ ಎಲ್ಲರದೂ ಚೆನ್ನಾಗಿರುತ್ತದೆ. ಪ್ರಶಸ್ತಿ, ಸಮಿತಿ, ಪ್ರವಾಸಗಳು ಶುರುವಾದೊಡನೆ ಮುಕ್ಕಾಲು ಪಾಲು ಪುಸ್ತಕಗಳು ವರದಿಯಾಗುತ್ತವೆ. 2011ರಲ್ಲಿ ಬಂದ ಕಾರ್ನಾಡರ ‘ಆಡಾಡತ ಆಯುಷ್ಯ’ ಈ ಅಪಾಯವನ್ನು ಬಹುಮಟ್ಟಿಗೆ ದಾಟಿದೆ. ತಾವು ಹುಟ್ಟುವುದೇ ಬೇಡವೆಂದು ಒಮ್ಮೆ ತಾಯಿ ಯೋಚಿಸಿದ್ದರು ಎಂಬ ಸಂಗತಿ ಧಾರವಾಡದ ಮನೆಯಲ್ಲಿ ಊಟದ ಹೊತ್ತಿಗೆ ಸಹಜವಾಗಿ ಹೊರಬಿದ್ದುದನ್ನು ಅವರು ಆರಂಭದಲ್ಲಿಯೇ ಹೇಳುತ್ತಾರೆ. ಅಂದು ಪುಣೆಯ ದವಾಖಾನೆಯಲ್ಲಿ ಡಾಕ್ಟರು ಬಾರದೆ ಇದ್ದುದರಿಂದ ತಂದೆತಾಯಿ ಕಾದು ಕೂತು ಹೊರಟುಹೋದರು. ಆ ಡಾಕ್ಟರಿಗೇ ಪುಸ್ತಕದ ಅರ್ಪಣೆ. ಇಷ್ಟು ತಣ್ಣಗೆ, ಇಷ್ಟು ಚೇಷ್ಟೆಯಿಂದ ತನ್ನ ಅಸ್ತಿತ್ವವನ್ನೇ ಆಕಸ್ಮಿಕವೆಂದು ಒಪ್ಪಿಕೊಂಡು ಶುರುವಾಗುವ ಆತ್ಮಕಥೆಯನ್ನು ಕನ್ನಡದಲ್ಲಿ ನಾನು ಮತ್ತೊಂದು ಓದಿಲ್ಲ. ಸಿನಿಮಾದ ಭಾಗಗಳಲ್ಲಿ ಮಾತ್ರ ಹೆಸರುಗಳು ಮುತ್ತಿಕೊಂಡು ನನಗೆ ಸುಸ್ತಾಯಿತು. ಇದಕ್ಕೆ ಜೋಡಿಯಾಗಿ ಬೀಚಿಯವರ ‘ನನ್ನ ಭಯಾಗ್ರಫಿ’ಯನ್ನು ಓದಿದೆ. ಬೀಚಿಯವರು ನಗಿಸುತ್ತ ನಗಿಸುತ್ತ ನೋವಿನ ಮೇಲೆ ಬಟ್ಟೆ ಮುಚ್ಚುವವರು. ಬಟ್ಟೆ ಸರಿದ ಜಾಗಗಳೇ ಆ ಪುಸ್ತಕದಲ್ಲಿ ನೆನಪಿನಲ್ಲಿ ಉಳಿಯುತ್ತವೆ.

ತೇಜಸ್ವಿಯವರ ‘ಕರ್ವಾಲೊ’ಗೆ ಜೊತೆಯಾಗಿ ಧಾರವಾಡದವರೇ ಆದ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕತೆಗಳನ್ನು ಓದಿದ್ದೇನೆ. ಹಾರುವ ಓತಿಯ ಬೆನ್ನು ಹತ್ತಿದ ಮಂದಣ್ಣನ ಪಟಾಲಮ್ಮಿನ ಮುಂದೆ ಬೇರೆ ಯಾರೇ ಬಂದರೂ ಮಂಕಾಗುತ್ತಾರೆ, ಅದು ಭೂಸನೂರಮಠರ ತಪ್ಪಲ್ಲ. ಕಲ್ಪನೆಯ ವ್ಯಾಪ್ತಿ ಅವರಲ್ಲಿ ದೊಡ್ಡದು, ಆದರೆ ಮನುಷ್ಯರು ತೇಜಸ್ವಿಯವರಲ್ಲಿಯೇ ಹೆಚ್ಚು.

ಬೇಂದ್ರೆಯವರ ‘ನಾಕುತಂತಿ’ಗೆ ಜೋಡಿ ಹುಡುಕುವ ಪ್ರಯತ್ನವನ್ನು ಕೈಬಿಟ್ಟಿದ್ದೇನೆ. 1964ರ ಈ ಸಂಕಲನದ ಶೀರ್ಷಿಕೆಯ ಕವಿತೆಗೆ ಸಿಕ್ಕಿರುವಷ್ಟು ವ್ಯಾಖ್ಯಾನಗಳು ಕನ್ನಡದಲ್ಲಿ ಬಹಳ ಕಡಿಮೆ ಕವಿತೆಗಳಿಗೆ ಸಿಕ್ಕಿರಬಹುದು. ಅವುಗಳಲ್ಲಿ ಹಲವನ್ನು ಓದಿದ ಮೇಲೂ ನನಗೆ ಅದು ಅರ್ಥವಾಗುವುದು ಗಟ್ಟಿಯಾಗಿ ಓದಿದಾಗ ಮಾತ್ರ, ಅದೂ ಬಾಯಿ ಮುಚ್ಚುವ ತನಕ. ಚೆನ್ನವೀರ ಕಣವಿಯವರನ್ನು ಪಕ್ಕದಲ್ಲಿಟ್ಟು ನೋಡಿದೆ, ಅವರ ಮೆಲುದನಿಗೆ ಅನ್ಯಾಯವಾಯಿತು. ಗದುಗಿನ ಹತ್ತಿರದ ಹೊಂಬಳದಲ್ಲಿ ಹುಟ್ಟಿದ ಕಣವಿಯವರನ್ನು ಜಿಟಿಜಿಟಿ ಮಳೆಯ ದಿನ ಒಬ್ಬರನ್ನೇ ಓದುವುದು ಒಳ್ಳೆಯದು.

ಈಗ ಮೇಜಿನ ಮೇಲಿರುವುದು ಕುಮಾರವ್ಯಾಸನ ವಿರಾಟಪರ್ವ. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ, ಮೈಸೂರು ಸರ್ಕಾರ ಪ್ರಕಟಿಸಿದ ಆವೃತ್ತಿಯ ಹಳೆಯ ಪ್ರತಿಯೊಂದು ಗದುಗಿನ ಬಂಧುಗಳಿಂದ ನನ್ನ ಕೈಗೆ ಬಂದದ್ದು. ಇದನ್ನು ಬಸ್ಸಿನಲ್ಲಿ ಓದಲು ಬರುವುದಿಲ್ಲ. ಭಾಮಿನಿ ಷಟ್ಪದಿಯ ಸಣ್ಣ ಸಾಲು 3 ಮತ್ತು 4 ಮಾತ್ರೆಗಳ ಗಣಗಳು ಸರದಿಯಂತೆ ಬಂದು 14 ಮಾತ್ರೆಗೆ ನಿಲ್ಲುತ್ತದೆ. ಮೂರನೆಯ ಮತ್ತು ಆರನೆಯ ಸಾಲುಗಳು 23 ಮಾತ್ರೆಗಳವರೆಗೆ ಓಡುತ್ತವೆ. ಬಾಯಿಬಿಟ್ಟು ಓದದಿದ್ದರೆ ಆ ಓಟ ಸಿಗುವುದಿಲ್ಲ, ಓಟ ಸಿಗದಿದ್ದರೆ ಪದಕೋಶ ಹಿಡಿದು ಕೂಡಬೇಕಾಗುತ್ತದೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕವಿ ಆಸರೆಯಾಗಿ ಕೂತು ಬರೆದನೆಂದು ತೋರಿಸುವ ಕಂಬವನ್ನು ಊರವರು ಭಕ್ತಿಯಿಂದ ನೋಡುತ್ತಾರೆ. ನನಗೆ ಈ ಪರ್ವ ಓದುವಾಗ ಭಕ್ತಿಗಿಂತ ನಗುವೇ ಮುಂದಾಗಿ ಬರುತ್ತದೆ. ಅಂತಃಪುರದ ಹೆಣ್ಣುಮಕ್ಕಳ ಎದುರು ಕೌರವ ಸೇನೆಯನ್ನು ಕೊಚ್ಚಿಹಾಕುವ ಉತ್ತರಕುಮಾರ, ಅದೇ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥ ಬಿಟ್ಟು ಓಡುತ್ತಾನೆ, ಬೃಹನ್ನಳೆ ಬೆನ್ನಟ್ಟಿ ಹಿಡಿದು ತರುತ್ತಾಳೆ. ಕವಿ ಅವನನ್ನು ಹಂಗಿಸುವುದಿಲ್ಲ, ಅವನ ಬಾಯಿಂದಲೇ ಎಲ್ಲವನ್ನೂ ಆಡಿಸುತ್ತಾನೆ. ಇದರ ಪಕ್ಕಕ್ಕೆ ಇನ್ನೊಂದು ಸುತ್ತು ಬೀಚಿಯವರನ್ನೇ ಇಡಬೇಕೆಂದಿದ್ದೇನೆ, ಈ ಸಲ ಅವರ ತಿಂಮನ ಪುಸ್ತಕಗಳನ್ನು. ಒಂದೇ ಸಮನೆ ಓದಿದರೆ ತಿಂಮನ ಚಟಾಕಿಗಳು ಬಹಳ ಬೇಗ ಸಾಕಾಗುತ್ತವೆ ಎಂಬುದು ನನ್ನ ಹಳೆಯ ದೂರು. ನಡುನಡುವೆ ಉತ್ತರಕುಮಾರನನ್ನು ಬಿಟ್ಟರೆ ಏನಾಗುತ್ತದೆ ಎಂದು ನೋಡುವುದಿದೆ.